ಏನೂ ಉಳಿಸದ ಸಂಖ್ಯೆ

ದೊಡ್ಡಕ್ಕನಿಗೆ ಸೋಪು ಎಂದರೆ ಹೇಸಿಗೆ. ಬೇರೆಯವರು ಚರಂಡಿ ಕಂಡರೆ, ಸತ್ತ ಇಲಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಇವಳು ಘಮಘಮ ಅನ್ನುವ, ಮೇಲೆ ಹೂವಿನ ಅಚ್ಚು ಒತ್ತಿದ ಗುಲಾಬಿ ಸೋಪು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಹೊಟ್ಟೆಪಾಡು ನಡೆಯುತ್ತಿದ್ದದ್ದು ಮಾತ್ರ ಅದರಿಂದಲೇ. ಹುಡುಗಿಯಾಗಿ ಆ ಕಾರ್ಖಾನೆಯ ಬಾಗಿಲು ಹೊಕ್ಕವಳು ಈಗ ಮಂಡಿನೋವಿನ ಹೆಂಗಸಾಗಿದ್ದಳು. ಆ ವಾಸನೆ ಅವಳ ಕೂದಲಿನಲ್ಲಿತ್ತು, ಹಾಸಿಗೆಯಲ್ಲಿತ್ತು, ಊಟಕ್ಕೆ ಕೂತರೆ ತುತ್ತಿನಲ್ಲೂ ಇತ್ತು. ಮನೆಯಲ್ಲಿ ಅವಳು ಬರೀ ಬಿಸಿನೀರಲ್ಲಿ ಸ್ನಾನ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ, "ಸಿಹಿತಿಂಡಿ ಅಂಗಡಿಯವನು ಸಿಹಿ ತಿಂತಾನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇಂಥವಳು ಸೋಪಿಗಾಗಿ ಜಗಳಕ್ಕೆ ನಿಂತಳು ಎಂದರೆ ನಂಬುವುದು ಕಷ್ಟ. ಆದರೆ ನಿಂತದ್ದು ಸೋಪಿಗಾಗಿ ಅಲ್ಲ, ಉಳಿಕೆಗಾಗಿ.

ಉಳಿಕೆ ಎಂದರೇನು ಎಂದು ಮೊದಲು ಹೇಳಿಬಿಡಬೇಕು. ಆ ಕಾರ್ಖಾನೆಯಲ್ಲಿ ದಿನಕ್ಕೆ ಒಂದು ಕಡಾಯಿ ಸೋಪು. ಬೆಂದ ಹಿಟ್ಟು ಉದ್ದನೆಯ ಪಟ್ಟಿಯಾಗಿ ಹೊರಬರುತ್ತದೆ, ಯಂತ್ರ ಅದನ್ನು ತುಂಡು ತುಂಡಾಗಿ ಕತ್ತರಿಸುತ್ತದೆ, ತುಂಡಿನ ಮೇಲೆ ಹೂವೂ ತಾರೀಖೂ ಒತ್ತುತ್ತದೆ, ಆಮೇಲೆ ಅದು ದೊಡ್ಡಕ್ಕನ ಮೇಜಿಗೆ ಬರುತ್ತದೆ. ಆ ಮೇಜಿನ ಹೆಂಗಸರು ಪೆಟ್ಟಿಗೆ ತುಂಬುತ್ತಾರೆ. ಪೆಟ್ಟಿಗೆಯ ಅಳತೆ ದಿನಕ್ಕೊಂದು. ಒಬ್ಬ ವ್ಯಾಪಾರಿಗೆ ವಾರಕ್ಕಾಗುವಂತೆ ಏಳೇಳು ಬೇಕು, ಇನ್ನೊಬ್ಬನಿಗೆ ಹತ್ತು ಕೊಂಡರೆ ಒಂದು ಉಚಿತ ಎಂದು ಹನ್ನೊಂದು ಬೇಕು, ಮತ್ತೊಬ್ಬನಿಗೆ ಡಜನ್ ಬೇಕು. ದಿನದ ಕೊನೆಗೆ ಒಂದು ಪೆಟ್ಟಿಗೆ ತುಂಬದಷ್ಟು ಸೋಪು ಮಿಕ್ಕುತ್ತಿತ್ತು. ಅದನ್ನು ನಾಳೆಯ ಸೋಪಿನ ಜೊತೆ ಸೇರಿಸುವಂತಿಲ್ಲ, ತಾರೀಖು ಬೇರೆ, ಬಣ್ಣ ಬೇರೆ. ಯಜಮಾನರ ಅಪ್ಪ, ದೊಡ್ಡ ಯಜಮಾನರು, ಬದುಕಿದ್ದ ಕಾಲಕ್ಕೇ ಒಂದು ಮಾತು ಆಗಿತ್ತು: ಪೆಟ್ಟಿಗೆ ತುಂಬದ್ದು ಪೆಟ್ಟಿಗೆ ತುಂಬುವವರಿಗೆ. ಹೆಂಗಸರು ಅದನ್ನು ಹಂಚಿಕೊಳ್ಳುತ್ತಿರಲಿಲ್ಲ. ಒಂದು ತಿಂಗಳು ಒಬ್ಬಳ ಸರದಿ, ಆ ತಿಂಗಳ ಉಳಿಕೆಯೆಲ್ಲ ಅವಳದು. ತನ್ನ ಸರದಿ ಬಂದರೆ ದೊಡ್ಡಕ್ಕ ಯಾರಿಗಾದರೂ ದಾಟಿಸಿಬಿಡುತ್ತಿದ್ದಳು. ದಾಟಿಸುವಾಗಲೂ ಅದು ತನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ದಾಟಿಸುತ್ತಿದ್ದಳು.

ಕಾರ್ಖಾನೆಗೆ ಹೊಸ ಮೇನೇಜರ್ ಬಂದಾಗ ಈ ಉಳಿಕೆ ಅವನ ಕಣ್ಣು ಕುಕ್ಕಿತು. ತೆಳ್ಳಗಿನ, ಸದಾ ಕೈ ಒರೆಸಿಕೊಳ್ಳುವ ಮನುಷ್ಯ. ಆದರೆ ದೊಡ್ಡ ಯಜಮಾನರ ಮಾತನ್ನು ತೆಗೆದುಹಾಕುವ ಧೈರ್ಯ ಅವನಿಗಿರಲಿಲ್ಲ. ಒಳಗೊಳಗೇ ಕುದಿಯುತ್ತಿದ್ದ, ಅಷ್ಟೇ. ಅವನ ಕುದಿ ಇಳಿಸಿದವನು ದೊಡ್ಡಕ್ಕನ ಒಡಹುಟ್ಟಿದ ತಮ್ಮ.

ತಮ್ಮನಿಗೆ ಕಾರ್ಖಾನೆಯಲ್ಲಿ ಇಟ್ಟ ಹೆಸರು ಲೆಕ್ಕರಾಯ. ಕತ್ತರಿಸುವ ಯಂತ್ರ ಅವನ ಕೈಯಲ್ಲಿತ್ತು, ಅಲ್ಲಿಗೆ ಅವನನ್ನು ಸೇರಿಸಿದವಳೂ ಅಕ್ಕನೇ. ಅಮ್ಮ ತೀರಿಕೊಂಡಾಗ ಅವನು ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಇವಳು ಎತ್ತಿ ಆಡಿಸಿ, ಮೂಗು ಒರೆಸಿ, ಗುಂಡಿಗಳನ್ನು ನೆಲದ ಮೇಲೆ ಹರಡಿ ಕೂಡುವುದು ಭಾಗಿಸುವುದು ಕಲಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಆಗಲೇ ಅವನಿಗೆ ಒಂದು ವಿಚಿತ್ರ ಬುದ್ಧಿ. ಗುಂಡಿ ಸಮನಾಗಿ ಭಾಗವಾಗದೆ ಒಂದೆರಡು ಉಳಿದರೆ ಅಳು. ಉಳಿದದ್ದನ್ನು ಮಂಚದ ಕೆಳಗೆ ತೂರಿಬಿಟ್ಟು, "ಈಗ ಸರಿಹೋಯ್ತು" ಎಂದು ಚಪ್ಪಾಳೆ ತಟ್ಟುತ್ತಿದ್ದ. ದೊಡ್ಡಕ್ಕ ಅದನ್ನು ನೆರೆಮನೆಯವರಿಗೆಲ್ಲ ಹೇಳಿಕೊಂಡು ಹಿಗ್ಗಿದ್ದಳು. ತನ್ನ ಆ ಹಿಗ್ಗು ನೆನಪಾದರೆ ಈಗ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಒಂದು ದಿನ ಈ ಲೆಕ್ಕರಾಯ ಮೇನೇಜರನ ಕೋಣೆಗೆ ಹೋಗಿ, ಕರೆಯದಿದ್ದರೂ ಹೋಗಿ, ಒಂದು ಸಂಖ್ಯೆ ಹೇಳಿ ಬಂದ. ಇಪ್ಪತ್ತೇಳು ಸಾವಿರದ ಏಳುನೂರ ಇಪ್ಪತ್ತು. ಇಲ್ಲಿಯವರೆಗೆ ಹಿಟ್ಟು ಮುಗಿಯುವ ತನಕ ಕತ್ತರಿಸುತ್ತಿದ್ದರು, ಎಷ್ಟಾದರೆ ಅಷ್ಟು. ಇನ್ನು ಮೇಲೆ ಅಷ್ಟಕ್ಕೇ ಯಂತ್ರ ನಿಲ್ಲಿಸಿ, ಮಿಕ್ಕ ಹಿಟ್ಟನ್ನು ಕಡಾಯಿಗೆ ಹಿಂದಿರುಗಿಸಿ ಎಂದ. ಆ ಸಂಖ್ಯೆಯನ್ನು ಎರಡರಿಂದ ಹನ್ನೆರಡರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯುವುದಿಲ್ಲ. ಯಾವ ಅಳತೆಯ ಪೆಟ್ಟಿಗೆ ತಂದಿಟ್ಟರೂ ಕೊನೆಯ ಪೆಟ್ಟಿಗೆ ತುಂಬಿಯೇ ಮುಚ್ಚುತ್ತದೆ. ಮೇನೇಜರ್ ಕಾಗದದ ಮೇಲೆ ಒಂದೊಂದಾಗಿ ಭಾಗಿಸಿ ನೋಡಿದ. ನೋಡಿ ಲೆಕ್ಕರಾಯನ ಬೆನ್ನು ತಟ್ಟಿದ. ಮರುವಾರ ಅವನಿಗೊಂದು ಬಿಳಿ ಕೋಟು ಬಂತು.

ಯಾರೂ ಉಳಿಕೆಯನ್ನು ಕಿತ್ತುಕೊಳ್ಳಲಿಲ್ಲ. ಉಳಿಕೆ ಇನ್ನು ಮೇಲೆ ನಿಮಗಿಲ್ಲ ಎಂದು ಯಾರೂ ಹೇಳಲಿಲ್ಲ. ದೊಡ್ಡ ಯಜಮಾನರ ಮಾತು ಗೋಡೆಯ ಮೇಲಿನ ಅವರ ಪಟದಂತೆ ಹಾಗೇ ಇತ್ತು. ಉಳಿಯುವುದು ನಿಂತುಹೋಯಿತು, ಅಷ್ಟೇ. ಅದಕ್ಕೇ ಅದು ದೊಡ್ಡಕ್ಕನಿಗೆ ಕಳ್ಳತನಕ್ಕಿಂತ ಕೊಳಕಾಗಿ ಕಂಡದ್ದು. ಕಳ್ಳನಾದರೆ ಕೊರಳುಪಟ್ಟಿ ಹಿಡಿಯಬಹುದು. ಸಂಖ್ಯೆಗೆ ಕೊರಳೆಲ್ಲಿದೆ?

ಆ ತಿಂಗಳು ಸರದಿ ಮೆಲ್ಲಮ್ಮನದು. ಮೆಲ್ಲಗೆ ಮಾತಾಡುತ್ತಾಳೆ ಎಂದು ಮೇಜಿನವರೇ ಇಟ್ಟ ಹೆಸರು ಅದು. ಪಕ್ಕದಲ್ಲಿ ಕೂತವರಿಗೂ ಅವಳ ಮಾತು ಎರಡನೇ ಸಲ ಕೇಳಿದರೇ ತಿಳಿಯುತ್ತಿತ್ತು. ಅವಳ ಗಂಡ ಗಾರೆ ಕೆಲಸದವನು, ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡು ಮಲಗಿಬಿಟ್ಟಿದ್ದ. ಸೊಂಟದಿಂದ ಕೆಳಗೆ ಅವನಿಗೆ ಏನು ಆಗುತ್ತಿದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಹಾಸಿಗೆ ತೊಳೆಯಬೇಕು, ಬಟ್ಟೆ ತೊಳೆಯಬೇಕು, ಅವನನ್ನು ಹೊರಳಿಸಿ ತೊಳೆಯಬೇಕು. ಎಷ್ಟು ಸೋಪು ತಂದರೂ ನೀರಾಗುತ್ತಿತ್ತು. ತನ್ನ ಸರದಿಗಾಗಿ ಅವಳು ಬಾಯಿಬಿಟ್ಟು ಹೇಳದೆ ಕಾದಿದ್ದಳು. ಸರದಿ ಬಂತು, ಉಳಿಕೆ ಬರಲಿಲ್ಲ. ಡಜನ್ ಇದ್ದ ದಿನ ಪೆಟ್ಟಿಗೆ ತುಂಬಿ ಮುಚ್ಚಿತು. ಹನ್ನೊಂದು ಇದ್ದ ದಿನವೂ ಮುಚ್ಚಿತು. ಒಂಬತ್ತು ಇದ್ದ ದಿನ ಹೆಂಗಸರೆಲ್ಲ ಕೊನೆಯ ಪೆಟ್ಟಿಗೆಯನ್ನೇ ನೋಡುತ್ತ ಕೂತರು, ಅದೂ ಮುಚ್ಚಿತು. ಮೆಲ್ಲಮ್ಮ ಖಾಲಿ ಚೀಲ ಮಡಚಿಕೊಂಡು ಮನೆಗೆ ಹೋದಳು.

ಅಂದು ಸಂಜೆ ದೊಡ್ಡಕ್ಕ ತಮ್ಮನ ಮುಂದೆ ತಟ್ಟೆ ಕುಕ್ಕಿದಳು.

"ಇದೇನೋ ನಿನ್ನ ಸಂಖ್ಯೆ? ನಮ್ಮ ಹೊಟ್ಟೆ ಮೇಲೇ ಬಂತಲ್ಲ."

ಅವನಿಗೆ ಬೈಗುಳ ಕೇಳಿಸಲಿಲ್ಲ, ಸಂಖ್ಯೆ ಎಂಬ ಮಾತು ಮಾತ್ರ ಕೇಳಿಸಿತು. ಮುಖ ಅರಳಿತು.

"ಅಕ್ಕ, ಅದನ್ನ ಹೇಗೆ ಕಟ್ಟಿದೆ ಗೊತ್ತಾ? ಎಂಟು ಹಾಕಿದೆ, ಎರಡು, ನಾಲ್ಕು ಅದರೊಳಗೇ ಬಂದ್ವು. ಒಂಬತ್ತು ಹಾಕಿದೆ, ಮೂರು ಬಂತು. ಐದು, ಏಳು, ಹನ್ನೊಂದು ಯಾರ ಜೊತೆನೂ ಸೇರಲ್ಲ, ಅವನ್ನ ಬೇರೆ ಬೇರೆಯಾಗೇ ಹಾಕಬೇಕು. ಅಷ್ಟನ್ನೂ ಗುಣಿಸು. ಆರು, ಹತ್ತು, ಹನ್ನೆರಡು ಕರೀದೇ ಬಂದುಬಿಡ್ತವೆ. ಇದಕ್ಕಿಂತ ಸಣ್ಣ ಸಂಖ್ಯೆ ಹುಡುಕು, ಹನ್ನೆರಡರ ತನಕ ಎಲ್ಲದಕ್ಕೂ ಭಾಗ ಆಗೋದು, ಸಿಗಲ್ಲ. ಒಟ್ಟು ತೊಂಬತ್ತಾರು ಸಂಖ್ಯೆಗಳಿಂದ ಭಾಗ ಆಗುತ್ತೆ ಅಕ್ಕ, ತೊಂಬತ್ತಾರು! ಹದಿಮೂರರ ಹತ್ರ ಮಾತ್ರ ಸೋಲುತ್ತೆ, ನಾಲ್ಕು ಉಳಿಸುತ್ತೆ. ಅದೊಂದು ನೋವು."

"ಹದಿಮೂರರ ಪೆಟ್ಟಿಗೆ ಯಾರು ತರಿಸ್ತಾರೆ?"

"ಯಾರೂ ತರಿಸಲ್ಲ. ಅದಕ್ಕೇ ನೆಮ್ಮದಿ."

ದೊಡ್ಡಕ್ಕನಿಗೆ ಹೇಸಿಗೆಯಾಯಿತು. ದುಡ್ಡಿಗಾಗಿ ಮಾಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ದುಡ್ಡಿನ ಆಸೆ ಅವಳಿಗೆ ಅರ್ಥವಾಗುವಂಥದ್ದು. ಇವನು ಮಾಡಿದ್ದು ಒಂದು ಬೆನ್ನು ತಟ್ಟುವಿಕೆಗೆ, ಒಂದು ಚಂದಕ್ಕೆ. ತುಟಿಯ ಕೊನೆಯಲ್ಲಿ ಅನ್ನದ ಅಗುಳು ಅಂಟಿಸಿಕೊಂಡು ಅವನು ಇನ್ನೂ ಎಂಟು ಒಂಬತ್ತು ಅನ್ನುತ್ತಲೇ ಇದ್ದ.

"ಎದ್ದೇಳು. ನನ್ನ ಜೊತೆ ಬಾ," ಎಂದಳು.

ಮೆಲ್ಲಮ್ಮನ ಮನೆ ಎರಡು ಬೀದಿಯಾಚೆ, ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಕಿಟಕಿ ಬೀದಿಯ ನೆಲಕ್ಕೆ ಸಮನಾಗಿತ್ತು, ಹೋಗುವವರ ಬರುವವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಬಾಗಿಲು ತೆರೆದದ್ದೇ ತಡ, ವಾಸನೆ ಮುಖಕ್ಕೆ ಬಡಿಯಿತು. ಮೆಲ್ಲಮ್ಮ ಗಂಡನನ್ನು ಗೋಡೆಯ ಕಡೆಗೆ ಹೊರಳಿಸಿ ಬರೀ ನೀರಲ್ಲಿ ಒರೆಸುತ್ತಿದ್ದಳು. ಬೆನ್ನ ಕೆಳಗೆ ಹುಣ್ಣಾಗಿತ್ತು. ಬಕೆಟ್ಟಿನ ನೀರಿನ ಬಣ್ಣ ಹೇಳುವಂಥದ್ದಲ್ಲ. ಅವಳು ನಾಚಿಕೆಯಿಂದ ಚಾದರ ಎಳೆದು, "ಕೂತ್ಕೊಳ್ಳಿ ಅಣ್ಣ," ಎಂದಳು. ಕೂರಲು ಅಲ್ಲಿ ಏನೂ ಇರಲಿಲ್ಲ. ಗಂಡ ಗೋಡೆಗೆ ಮುಖ ಮಾಡಿಯೇ, "ಯಾರು ಬಂದಿದ್ದಾರೆ? ಮೂಗು ಮುಚ್ಕೊಳ್ಳೋಕೆ ಹೇಳು," ಎಂದು ನಗಾಡಲು ನೋಡಿದ.

ಹೇಳುವ ಮೊದಲೇ ಲೆಕ್ಕರಾಯ ಮೂಗು ಮುಚ್ಚಿಕೊಂಡಿದ್ದ. ಒಂದು ನಿಮಿಷ ತಡೆದ. ಆಮೇಲೆ ಹೊರಗೋಡಿ ಚರಂಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಉಂಡದ್ದೆಲ್ಲ ಕಕ್ಕಿದ. ದೊಡ್ಡಕ್ಕ ಹಿಂದಿನಿಂದ ಬಂದು ಅವನ ಹಣೆ ಹಿಡಿದುಕೊಂಡಳು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ. ಹಣೆ ಬೆವರಿ ತಣ್ಣಗಾಗಿತ್ತು. ಎಷ್ಟಾದರೂ ಕರುಳು, ಅವಳಿಗೆ ಕನಿಕರ ಬಂತು.

"ನಾಳೆ ಏನಾದ್ರೂ ಮಾಡ್ತೀನಿ ಅಕ್ಕ. ಖಂಡಿತ ಮಾಡ್ತೀನಿ," ಎಂದ, ಬಾಯಿ ಒರೆಸಿಕೊಳ್ಳುತ್ತ.

ಅವಳು ನಂಬಿದಳು. ಹಿಟ್ಟು ಮುಗಿಯುವ ತನಕ ಕತ್ತರಿಸುತ್ತಾನೆ, ಇಲ್ಲವೆ ನಾಲ್ಕು ಹೆಚ್ಚು ಕತ್ತರಿಸುತ್ತಾನೆ, ಕೈ ಜಾರಿತು ಅಂದರೆ ಮುಗಿಯಿತು, ಯಾರು ಕೇಳುತ್ತಾರೆ ಎಂದುಕೊಂಡು ಹಗುರಾಗಿ ಮನೆಗೆ ಬಂದಳು.

ಮರುದಿನ ಊಟದ ಹೊತ್ತಿಗೆ ಲೆಕ್ಕರಾಯ ಬಿಳಿ ಕೋಟು ಹಾಕಿಕೊಂಡೇ ಹೆಂಗಸರ ಮೇಜಿಗೆ ಬಂದ. ಬಂದವನು ಕಿಸೆಯಿಂದ ಒಂದು ಸೋಪು ತೆಗೆದ. ಅಂಗಡಿಯಲ್ಲಿ ಕೊಂಡದ್ದು, ಬಣ್ಣದ ಕಾಗದ ಸುತ್ತಿದ್ದು, ಅವರೇ ಮಾಡಿದ ಸೋಪೇ. ಎಲ್ಲರೂ ನೋಡುವಂತೆ ಮೆಲ್ಲಮ್ಮನ ಕೈಗಿಟ್ಟು, "ಇದು ನನ್ನ ಕಡೆಯಿಂದ," ಎಂದ.

ಮೆಲ್ಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ತಲೆ ಬಗ್ಗಿಸಿ, "ದೊಡ್ಡ ಉಪಕಾರ ಆಯ್ತು ಅಣ್ಣ," ಎಂದಳು.

ಆ ಬಗ್ಗಿದ ತಲೆಯನ್ನು ದೊಡ್ಡಕ್ಕ ನೋಡಿದಳು. ಇಷ್ಟು ವರ್ಷ ಉಳಿಕೆ ಮನೆಗೆ ಒಯ್ದವರು ಯಾರೂ ಯಾರಿಗೂ ತಲೆ ಬಗ್ಗಿಸಿರಲಿಲ್ಲ. ಚೀಲಕ್ಕೆ ಸುರಿದುಕೊಂಡು, ಇವತ್ತು ಮೂರೇನಾ, ನನ್ನ ಹಣೆಬರಹ ಎಂದು ಗೊಣಗಿಕೊಂಡೇ ಹೋಗುತ್ತಿದ್ದರು. ಆ ಗೊಣಗಾಟವೇ ಅವರ ಮರ್ಯಾದೆಯಾಗಿತ್ತು. ತಮ್ಮ ಹಲ್ಲು ಗಿಂಜುತ್ತ, ನೋಡಿದೆಯಾ ಎನ್ನುವಂತೆ ಅಕ್ಕನ ಕಡೆ ತಿರುಗಿದ. ಅವಳಿಗೆ ಬಂದ ವಾಕರಿಕೆ ನಿನ್ನೆ ಆ ಕೋಣೆಯಲ್ಲೂ ಬಂದಿರಲಿಲ್ಲ. ಥೂ, ಇವನನ್ನು ಬೆಳೆಸಿದ್ದು ನಾನೇ ಅಲ್ಲವಾ ಎಂದುಕೊಂಡಳು.

ಅಂದು ಡಜನ್‌ನ ಪೆಟ್ಟಿಗೆ. ಸಂಜೆ ಕೊನೆಯ ಸೋಪುಗಳು ಬರುವ ಹೊತ್ತಿಗೆ ಮೇನೇಜರ್ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಕೊನೆಯ ಪೆಟ್ಟಿಗೆ ಮುಚ್ಚುವುದನ್ನು ನೋಡುವುದು ಅವನಿಗೊಂದು ಚಟವಾಗಿಬಿಟ್ಟಿತ್ತು. ಹಿಂದೆ ಲೆಕ್ಕರಾಯನೂ ಬಾಲದ ಹಾಗೆ ಇದ್ದ. ದೊಡ್ಡಕ್ಕ ಒಂದು ಸೋಪು ಎತ್ತಿಕೊಂಡಳು. ಅದನ್ನು ಮೂಗಿನ ಹತ್ತಿರ ತಂದರೆ ಸಾಕು ತಲೆ ತಿರುಗುವ ಹೆಂಗಸು ಅವಳು. ಕಣ್ಣು ಮುಚ್ಚಿ, ಬಾಯಿ ತೆರೆದು, ಹೂವಿನ ಅಚ್ಚಿನ ಮೇಲೆ ಕಚಕ್ಕನೆ ಕಚ್ಚಿದಳು.

ಮೇಜಿನವರೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ಕೂತರು. ಖಾರಕ್ಕಿಂತ ಕೆಟ್ಟದಾದ ಒಂದು ಉರಿ ನಾಲಿಗೆಯಿಂದ ಗಂಟಲಿಗಿಳಿಯಿತು, ಕಣ್ಣಲ್ಲಿ ನೀರು ಬಂತು, ತುಟಿಯಂಚಿಗೆ ನೊರೆ ಬಂತು. ಅವಳು ಹಲ್ಲಿನ ಗುರುತಿದ್ದ ಸೋಪನ್ನು ಕೆಟ್ಟ ಮಾಲಿನ ಬುಟ್ಟಿಗೆ ಎಸೆದು, ಬಾಯಿಯಲ್ಲಿದ್ದದ್ದನ್ನೂ ಅಲ್ಲೇ ಉಗಿದಳು. ಅಚ್ಚು ಕೆಟ್ಟ ಸೋಪು ಪೆಟ್ಟಿಗೆಗೆ ಹೋಗುವಂತಿಲ್ಲ. ಅದು ಕಡಾಯಿಗೆ ವಾಪಸು. ಅದೂ ಹಳೆಯ ನಿಯಮವೇ.

ಕೊನೆಯ ಪೆಟ್ಟಿಗೆ ತುಂಬಲಿಲ್ಲ. ಹನ್ನೊಂದು ಸೋಪು ಮೇಜಿನ ಮೇಲೆ ಉಳಿದವು.

"ಮೆಲ್ಲಮ್ಮ, ಚೀಲ ತೆಗಿ. ನಿನ್ನ ಉಳಿಕೆ," ಎಂದಳು ದೊಡ್ಡಕ್ಕ. ಮೆಲ್ಲಮ್ಮ ಮೇನೇಜರನ ಕಡೆ ಒಮ್ಮೆ ನೋಡಿ, ಚೀಲ ತೆಗೆದಳು.

ಮೇನೇಜರ್ ಬಗ್ಗಿ ಬುಟ್ಟಿಯೊಳಗೆ ನೋಡಿದ. ಒಂದು ಸೋಪು ಕೆಟ್ಟರೆ ಗದರಿಸುವಷ್ಟು ದೊಡ್ಡ ತಪ್ಪಲ್ಲ, ದಿನಾ ಯಂತ್ರದ ಹತ್ತಿರವೇ ಹತ್ತಾರು ಕೆಟ್ಟು ಬುಟ್ಟಿಗೆ ಬೀಳುತ್ತಿದ್ದವು. ಅವುಗಳ ಲೆಕ್ಕವನ್ನು ಲೆಕ್ಕರಾಯ ಕತ್ತರಿಸುವಾಗಲೇ ಕಳೆದು, ಮೇಜಿಗೆ ಸರಿಯಾಗಿ ಕಳಿಸುತ್ತಿದ್ದ. ಮೇಜಿಗೆ ಬಂದ ಮೇಲೆ ಕೆಡುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಅವನು ಲೆಕ್ಕರಾಯನ ಮುಖ ನೋಡಿದ.

"ಒಂದಕ್ಕೆ ಹನ್ನೊಂದು ಹೇಗಯ್ಯಾ ಹೋಯ್ತು?"

ಲೆಕ್ಕರಾಯನ ಮುಖ ಬಿಳುಚಿಕೊಂಡಿತ್ತು. ಆದರೆ ಪ್ರಶ್ನೆ ಕಿವಿಗೆ ಬಿದ್ದದ್ದೇ ಕಣ್ಣು ಹೊಳೆಯತೊಡಗಿತು. ಬೆರಳು ಮಡಿಸಿ ಏನೋ ಎಣಿಸಿದ. ಎಣಿಸಿ ಹಿಗ್ಗಿಹೋದ.

"ಸರ್, ಇದು ಇನ್ನೂ ಚಂದ ಸರ್! ಒಂದೇ ಒಂದು ಕಮ್ಮಿ ಆದ್ರೆ ಸಾಕು, ಯಾವ ಪೆಟ್ಟಿಗೆ ಇಟ್ರೂ ಕೊನೇದಕ್ಕೆ ಒಂದು ಸಾಲದೇ ಹೋಗುತ್ತೆ. ಹನ್ನೆರಡಕ್ಕೆ ಹನ್ನೊಂದು ಉಳಿಯುತ್ತೆ, ಹತ್ತಕ್ಕೆ ಒಂಬತ್ತು, ಏಳಕ್ಕೆ ಆರು. ಏನೂ ಉಳಿಸದ ಸಂಖ್ಯೆ ಪಕ್ಕದಲ್ಲೇ, ಎಲ್ಲಕ್ಕಿಂತ ಜಾಸ್ತಿ ಉಳಿಸೋ ಸಂಖ್ಯೆ ಕೂತಿದೆ ಸರ್! ನಾನು ಗಮನಿಸೇ ಇರಲಿಲ್ಲ."

"ಹಾಗಾದ್ರೆ ನಾಳೆಯಿಂದ ಒಂದು ಜಾಸ್ತಿ ಕಳಿಸು," ಎಂದ ಮೇನೇಜರ್.

"ಆಯ್ತು ಸರ್."

ಮೇನೇಜರನ ಬಾಯಿ ಮುಚ್ಚುವ ಮೊದಲೇ ಆ ಆಯ್ತು ಬಂದುಬಿಟ್ಟಿತು. ದೊಡ್ಡಕ್ಕನ ಬಾಯಲ್ಲಿ ಇನ್ನೂ ಸೋಪಿತ್ತು. ಅದಕ್ಕಿಂತ ಆ ಆಯ್ತು ಹೆಚ್ಚು ಕೆಟ್ಟ ರುಚಿಯದು ಅನ್ನಿಸಿತು.

ಬೆಳಿಗ್ಗೆ ಅವಳು ಒಲೆಯ ಮುಂದಿದ್ದಾಗ ಅವನು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಚಿಕ್ಕವನಿದ್ದಾಗ ತಿಂಡಿಗೆ ಪೀಡಿಸುವಾಗ ಇದೇ ರಾಗ ಇರುತ್ತಿತ್ತು.

"ಅಕ್ಕ, ಇವತ್ತು ನಾನು ಒಂದು ಜಾಸ್ತಿ ಕಳಿಸ್ತೀನಿ. ನೀನು ಒಂದೇ ಕಚ್ಚು, ಆಯ್ತಾ? ಎರಡು ಕಚ್ಚಿದ್ರೆ ಕೆಟ್ಟುಹೋಗುತ್ತೆ. ಬೇಕಾದ್ರೆ ಎಷ್ಟು ಕಚ್ತೀಯ ಅಂತ ಮೊದಲೇ ಹೇಳಿಬಿಡು, ಅಷ್ಟೇ ಜಾಸ್ತಿ ಕಳಿಸ್ತೀನಿ. ನಿನ್ನ ಹಟಾನೂ ಉಳಿಯುತ್ತೆ, ಸಂಖ್ಯೆನೂ ಉಳಿಯುತ್ತೆ."

ಅವಳು ತಿರುಗಿ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅಕ್ಕನ ಜಗಳ ಅಕ್ಕನ ಹಲ್ಲಿನದು, ಅದಕ್ಕೊಂದು ಸೋಪು ತೆಗೆದಿಟ್ಟರೆ ಮುಗಿಯಿತು ಎಂದು ನಿಜವಾಗಿಯೂ ತಿಳಿದಿದ್ದ. ಚರಂಡಿಯ ಪಕ್ಕ ಕಕ್ಕಿದವನು ಮೆಲ್ಲಮ್ಮನ ಗಂಡನನ್ನು ಅಲ್ಲೇ ಕಕ್ಕಿ ಬಂದಿದ್ದ, ಒಳಗೆ ಏನೂ ಉಳಿದಿರಲಿಲ್ಲ. ಬೈಯುವುದಕ್ಕೂ ಅವಳಿಗೆ ಬೇಸರವಾಯಿತು.

"ಒಂದೇ ಕಣೋ. ನಾನು ಒಂದೇ ಕಚ್ಚೋದು," ಎಂದಳು.

"ಮಾತು?"

"ಮಾತು."

ಅವನು ಕೋಟು ಕೊಡವಿಕೊಂಡು ಶಿಳ್ಳೆ ಹಾಕುತ್ತ ಹೋದ.

ಅಂದು ಏಳರ ಪೆಟ್ಟಿಗೆ. ಸಂಜೆ ಮೇನೇಜರ್ ಬಂದ, ಹಿಂದೆ ಲೆಕ್ಕರಾಯ ಬಂದ. ದೊಡ್ಡಕ್ಕ ಕೊಟ್ಟ ಮಾತಿನಂತೆ ಒಂದು ಸೋಪು ಎತ್ತಿ ಕಚ್ಚಿದಳು, ಬುಟ್ಟಿಗೆ ಉಗಿದಳು. ಲೆಕ್ಕರಾಯ ತಲೆಯಾಡಿಸಿ ಮೇನೇಜರನಿಗೆ, "ಸರಿಯಾಗಿದೆ ಸರ್," ಎಂದ.

ಆಗ ಮೆಲ್ಲಮ್ಮ ತನ್ನ ಮುಂದಿದ್ದ ಸೋಪು ತೆಗೆದುಕೊಂಡಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ದೊಡ್ಡಕ್ಕ ಅವಳ ಕಡೆ ನೋಡಿಯೂ ಇರಲಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಮೂಲೆ ಕಚ್ಚಿ, ಮುಖ ಕಿವುಚಿ ಉಗಿದಳು. ಗಲ್ಲದ ಮೇಲೆ ನೊರೆ ಇಳಿಯುತ್ತಿತ್ತು. ಕೊನೆಯ ಪೆಟ್ಟಿಗೆಯಲ್ಲಿ ಆರೇ ಸೋಪು ಕೂತವು. ಅವಳು ಅವನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು, ಆತುರವಿಲ್ಲದೆ.

"ಅಣ್ಣ," ಎಂದಳು. ಆ ಮೇಜಿನಲ್ಲಿ ಮೊದಲ ಸಲ ಅವಳ ಮಾತು ಬಾಗಿಲವರೆಗೂ ಕೇಳಿಸಿತು. "ನಾಳೆ ಎಷ್ಟು ಜಾಸ್ತಿ ಕಳಿಸ್ತೀರ?"

ಲೆಕ್ಕರಾಯ ಉತ್ತರ ಹೇಳಲು ಬಾಯಿ ತೆರೆದ. ಬೆರಳು ಮಡಿಸಲು ಕೈ ಎತ್ತಿದ. ಆಮೇಲೆ ಮೇಜಿನ ಸುತ್ತ ಕೂತಿದ್ದ ಹೆಂಗಸರ ಬಾಯಿಗಳನ್ನು ಒಂದೊಂದಾಗಿ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾಳೆ ಯಾವ ಬಾಯಿ ಎಷ್ಟು ಕಚ್ಚುತ್ತದೋ, ಅವನಿಗೆ ಲೆಕ್ಕ ಸಿಗಲಿಲ್ಲ.